ತಿರುಗುವ ಕಂಬಕ್ಕೆ ತಕ್ಕ ಬಿಗಿ

ಜೋಡಿ ಒಡಲಿನ ರೇಸಿಂಗ್ ದೋಣಿಯಾದ ಕ್ಯಾಟಮರಾನ್‌ನ ಹಾಯಿಕಂಬ ಮುಂದಿನ ಅಡ್ಡತೊಲೆಯ ಮೇಲೆ ನಿಂತಲ್ಲೇ ತಿರುಗುತ್ತದೆ. 1967ರಲ್ಲಿ ರಾಡ್ನಿ ಮಾರ್ಚ್ ಎಂಬವರು ರೂಪಿಸಿದ, 1976ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿ ಓಡಿದ ಟಾರ್ನೆಡೊ ಈ ಬಗೆಯ ದೋಣಿ. ಕಂಬವನ್ನು ಅಡ್ಡ ಕೊಯ್ದರೆ ಕಾಣುವುದು ನೀರಹನಿಯ ಆಕಾರ. ಅದರ ಮೂತಿ ಗಾಳಿಯತ್ತ ತಿರುಗಿದಾಗ ಗಾಳಿಮರೆಯ ಬದಿಯಲ್ಲಿ ಕಂಬ, ಹಾಯಿ ಎರಡೂ ಸೇರಿ ಒಂದೇ ನುಣುಪಾದ ಮೈಯಾಗುತ್ತದೆ. ತಿರುಗದಿದ್ದರೆ ಕಂಬದ ಹಿಂದೆ ಗಾಳಿ ಸುಳಿಗಟ್ಟಿ, ಹಾಯಿಯ ಮುಂಭಾಗ ಸೊರಗುತ್ತದೆ.

ಮೊದಲು ನೋಡಬೇಕಾದ್ದು ಕಂಬದ ವಾಲು. ನಾವಿಕರು ಜೋತು ನಿಲ್ಲುವ ಟ್ರಪೀಜ್ ತಂತಿಯನ್ನು ದೋಣಿಯ ಮೂತಿಗೆ ಎಳೆದು ಗುರುತು ಮಾಡಿ, ಅದೇ ತಂತಿಯನ್ನು ಹಿಂಬದಿಗೆ ಒಯ್ದರೆ ಕಂಬ ಎಷ್ಟು ಹಿಂದಕ್ಕೆ ವಾಲಿದೆ ಎಂಬುದು ತಿಳಿಯುತ್ತದೆ. ಎಡ, ಬಲ ಎರಡೂ ಕಡೆ ಅಳತೆ ಒಂದೇ ಬರಬೇಕು.

ಆಮೇಲೆ ಡೈಮಂಡ್ ತಂತಿಗಳು. ಕಂಬದಿಂದ ಹೊರಚಾಚಿ ಹಿಂದಕ್ಕೆ ಓರೆಯಾದ ಕಡ್ಡಿಗಳಾದ ಸ್ಪ್ರೆಡರ್‌ಗಳ ಮೂಲಕ ಇವು ಕಂಬದ ನಡುವನ್ನು ಮುಂದಕ್ಕೆ ತಳ್ಳಿ ಬಾಗು ಕೊಡುತ್ತವೆ. ಬಾಗು ಹೆಚ್ಚಿದಷ್ಟೂ ಹಾಯಿ ಚಪ್ಪಟೆ. ಹಗುರ ನಾವಿಕ ಜೋಡಿಗೆ ಹೆಚ್ಚು ಬಾಗು, ಭಾರದ ಜೋಡಿಗೆ ನೆಟ್ಟಗಿನ ಕಂಬ ಹೊಂದುತ್ತದೆ. ಆದರೆ ಈ ಬಾಗು ಹಾಯಿಯ ಮುಂದಿನ ಅಂಚಿನ ಕತ್ತರಿಕೆಗೆ ಹೊಂದದಿದ್ದರೆ ಯಾವ ಅಂಕಿಯೂ ಕೆಲಸಕ್ಕೆ ಬಾರದು. ಬೇರೆಯವರ ಅಳತೆಯನ್ನು ಹಾಗೇ ನಕಲು ಮಾಡುವವರು ಎಡವುವುದು ಇಲ್ಲೇ.

ಕಂಬವನ್ನು ಎರಡೂ ಬದಿಯಿಂದ ಹಿಡಿಯುವ ತಂತಿಗಳಾದ ಷ್ರೌಡ್‌ಗಳ ಬಿಗಿಯ ವಿಚಾರ ಹೆಚ್ಚು ನಾಜೂಕು. ಬಿಗಿ ಸಾಲದಿದ್ದರೆ ಮುಂದಿನ ತಂತಿ ಜೋತು ಜಿಬ್ ಎಂಬ ಮುಂದಿನ ಹಾಯಿಯ ಆಕಾರ ಕೆಡುತ್ತದೆ; ಅಲೆ ಬಡಿದಾಗಲೆಲ್ಲ ಕಂಬ ಅಲುಗಾಡುತ್ತದೆ. ವಿಪರೀತ ಬಿಗಿದರೆ ಕಂಬದ ಬುಡದಲ್ಲಿ ಒತ್ತಡ, ತಿಕ್ಕಾಟ ಹೆಚ್ಚಿ, ತೆಳುಗಾಳಿಯಲ್ಲಿ ದಿಕ್ಕು ಬದಲಿಸಿದಾಗ ಕಂಬ ತಾನಾಗಿ ತಿರುಗುವುದಿಲ್ಲ. ಓಟದಲ್ಲಿ ಗಾಳಿಮರೆಯ ಷ್ರೌಡ್ ತುಸು ಸಡಿಲವಾಗಿ ಕಂಡರೆ ಅದು ದೋಷವಲ್ಲ.

ತಿರುವಿನ ಪ್ರಮಾಣ ನಿರ್ಧರಿಸುವುದು ಕಂಬದ ಬುಡದಲ್ಲಿರುವ ತೋಳು. ಮಧ್ಯಮ ಗಾಳಿಗೆ ಎದುರಾಗಿ ಸಾಗುವಾಗ ಅದು ಸುಮಾರಾಗಿ ಷ್ರೌಡ್‌ನತ್ತ ತೋರಿದರೆ ಹಾಯಿಗೆ ಪೂರ್ಣ ಬಲ. ಗಾಳಿ ಜೋರಾಗಿ ದೋಣಿಯನ್ನು ಹಿಡಿತದಲ್ಲಿಡುವುದು ಕಷ್ಟವಾದರೆ ತೋಳನ್ನು ಒಳಕ್ಕೆ, ಹಿಂದಿನ ಅಡ್ಡತೊಲೆಯತ್ತ ಎಳೆಯುತ್ತಾರೆ. ಆಗ ಕಂಬದ ತುದಿ ಪಕ್ಕಕ್ಕೆ ಬಾಗಿ, ಹಾಯಿಯ ಮೇಲ್ಭಾಗ ತೆರೆದುಕೊಂಡು, ಹೆಚ್ಚುವರಿ ಗಾಳಿ ಜಾರಿಹೋಗುತ್ತದೆ. ಗಾಳಿ ಹಿಂದಿನಿಂದ ಬರುವಾಗ ಕಂಬವನ್ನು ಪೂರ್ತಿ ತಿರುಗಲು ಬಿಡಬೇಕು.

ಈ ದೋಣಿಗಳಲ್ಲಿ ಕಂಬವನ್ನು ಹಿಂದಿನಿಂದ ಹಿಡಿಯುವ ಪ್ರತ್ಯೇಕ ತಂತಿ ಇಲ್ಲ. ಆ ಕೆಲಸವನ್ನು ಮುಖ್ಯ ಹಾಯಿಯ ಹಗ್ಗವೇ ಮಾಡುತ್ತದೆ. ಸ್ಪಿನೇಕರ್ ಎಂಬ ಉಬ್ಬುಹಾಯಿ ಗಾಳಿ ತುಂಬಿ ಎಳೆಯುತ್ತಿರುವಾಗ ಆ ಹಗ್ಗವನ್ನು ಒಮ್ಮೆಲೇ ಬಿಟ್ಟರೆ ಕಂಬ ಮುರಿಯಬಹುದು.