ಹಿಂದಿರುಗಿ ಬಂದವನು ಬಿದ್ದದ್ದು ಯಾರ ಪಾದಕ್ಕೆ?

ಕಥೆ ಚಿಕ್ಕದು. ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ, 11ರಿಂದ 19ನೆಯ ವಚನದವರೆಗೆ, ಒಂದು ಪುಟವೂ ತುಂಬದಷ್ಟು. ಯೇಸು ಯೆರೂಸಲೇಮಿನ ಕಡೆ ಹೊರಟಿದ್ದಾನೆ. ಸಮಾರ್ಯ ಮತ್ತು ಗಲಿಲಾಯದ ಗಡಿಯ ಒಂದು ಹಳ್ಳಿಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲೇ ನಿಂತು ಕರುಣೆ ತೋರು ಎಂದು ಕೂಗುತ್ತಾರೆ. ಹೋಗಿ ಯಾಜಕರಿಗೆ ಮೈ ತೋರಿಸಿ ಎನ್ನುತ್ತಾನೆ ಯೇಸು. ಹೊರಡುತ್ತಾರೆ. ದಾರಿಯಲ್ಲೇ ವಾಸಿಯಾಗುತ್ತದೆ. ಒಬ್ಬ ಹಿಂದಿರುಗಿ ಬಂದು ಕಾಲಿಗೆ ಬಿದ್ದು ಕೃತಜ್ಞತೆ ಹೇಳುತ್ತಾನೆ, ಅವನು ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳುತ್ತಾನೆ.

ಚರ್ಚಿನ ಪ್ರಸಂಗಗಳಲ್ಲಿ ಈ ಕಥೆಯ ಕೊನೆ ಸಾಮಾನ್ಯವಾಗಿ ಒಂದೇ: ನಾವು ಒಂಬತ್ತು ಮಂದಿಯಂತೆ ಆಗಬಾರದು, ದೇವರು ಮಾಡಿದ ಉಪಕಾರವನ್ನು ಮರೆಯಬಾರದು. ಮಕ್ಕಳಿಗೆ 'ಥ್ಯಾಂಕ್ಸ್ ಹೇಳು' ಎಂದು ಕಲಿಸುವ ಹಾಗೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಕಥೆಯನ್ನು ಕಥೆಯಾಗಿ ಓದುವವರಿಗೆ ಒಂದು ಕಸಿವಿಸಿ ಉಳಿಯುತ್ತದೆ. ಆ ಒಂಬತ್ತು ಮಂದಿ ಮಾಡಿದ ತಪ್ಪಾದರೂ ಏನು? ಯಾಜಕರ ಬಳಿ ಹೋಗಿ ಎಂದವನು ಯೇಸುವೇ. ಅವರು ಹೋದರು. ಹೋಗುವ ಹೊತ್ತಿಗೆ ರೋಗ ಇನ್ನೂ ಹೋಗಿರಲಿಲ್ಲ. ಅಂದರೆ ಮಾತನ್ನು ನಂಬಿಯೇ ಹೆಜ್ಜೆ ಹಾಕಿದರು. ಕುಷ್ಠ ಎಂದು ನಾವು ಅನುವಾದಿಸುವ ಗ್ರೀಕ್ ಪದ ಹಲವು ಬಗೆಯ ಚರ್ಮದ ಕಾಯಿಲೆಗಳಿಗೆ ಅನ್ವಯಿಸುವಂಥದು. ಅಂಥ ಕಾಯಿಲೆ ಬಂದವರು ಊರಿನಿಂದ ಹೊರಗಿರಬೇಕು, ಗುಣವಾದರೆ ಯಾಜಕನೇ ಪರೀಕ್ಷಿಸಿ ಶುದ್ಧನೆಂದು ಸಾರಬೇಕು ಎಂಬುದು ಯಾಜಕಕಾಂಡದ ವಿಧಿ. ಹೆಂಡತಿ ಮಕ್ಕಳಿರುವ ಮನೆಗೆ ಮರಳಲು ಅದೊಂದೇ ಬಾಗಿಲು. ಒಂಬತ್ತು ಮಂದಿ ಆ ಬಾಗಿಲಿಗೆ ಓಡಿದರು. ಯಾರು ಓಡುವುದಿಲ್ಲ?

ಲೂಕ ಈ ಕಸಿವಿಸಿಯನ್ನು ತಿಳಿದೇ ಇಟ್ಟಿದ್ದಾನೆ ಎಂಬುದಕ್ಕೆ ಸುಳಿವು ಈ ಕಥೆಗೆ ತಾಗಿಕೊಂಡೇ ಇದೆ. ಇದರ ಮುಂಚಿನ ನಾಲ್ಕು ವಚನಗಳಲ್ಲಿ ಆಳು ಮತ್ತು ಯಜಮಾನನ ಸಾಮತಿ ಬರುತ್ತದೆ. ಹೊಲದಿಂದ ಬಂದ ಆಳು ಹೇಳಿದ ಕೆಲಸ ಮಾಡಿದನೆಂದು ಯಜಮಾನ ಅವನಿಗೆ ಕೃತಜ್ಞನಾಗಿರುತ್ತಾನೆಯೇ ಎಂದು ಅಲ್ಲಿ ಯೇಸು ಕೇಳುತ್ತಾನೆ. ಇಲ್ಲ ಎಂಬುದೇ ನಿರೀಕ್ಷಿತ ಉತ್ತರ. ಹೇಳಿದ್ದನ್ನು ಮಾಡುವುದು ಒಂದು ಲೋಕ. ಅಲ್ಲಿ ಕೃತಜ್ಞತೆಗೆ ಜಾಗವಿಲ್ಲ, ಅದರ ಅಗತ್ಯವೂ ಇಲ್ಲ. ಮರುಗಳಿಗೆಯಲ್ಲೇ ಹತ್ತು ಮಂದಿಯ ಕಥೆ. ಒಂಬತ್ತು ಮಂದಿ ಹೇಳಿದ್ದನ್ನು ಮಾಡಿದರು. ಹತ್ತನೆಯವನು ಹೇಳಿದ್ದನ್ನು ಅರ್ಧಕ್ಕೆ ಬಿಟ್ಟು ಬಂದ. ಲೂಕ ಮೆಚ್ಚುವುದು ಈ ಆಜ್ಞೆ ಮುರಿದವನನ್ನು. ಹಾಗಿದ್ದರೆ ಇದು ಸೌಜನ್ಯದ ಪಾಠವಾಗಿರಲಾರದು.

ಅವನು ತಿರುಗಿದ್ದೇಕೆ? ಲೂಕ ಕೊಡುವ ಕಾರಣ ಒಂದೇ ಒಂದು ಕ್ರಿಯಾಪದ: ಅವನು ತಾನು ಗುಣವಾದದ್ದನ್ನು ಕಂಡ. ಹತ್ತು ಮಂದಿಗೂ ಆದದ್ದನ್ನು ಹೇಳುವಾಗ ಲೂಕ 'ಶುದ್ಧರಾದರು' ಎಂಬ ಪದ ಬಳಸುತ್ತಾನೆ. ಒಬ್ಬ ಕಂಡದ್ದನ್ನು ಹೇಳುವಾಗ ಪದ 'ಗುಣವಾಯಿತು' ಎಂದಾಗುತ್ತದೆ. ಕೊನೆಗೆ ಯೇಸು ಅವನನ್ನು ಕಳಿಸುವಾಗ ಬರುವ ಪದ ರಕ್ಷಣೆಯದು. ಗ್ರೀಕ್‌ನಲ್ಲಿ ಇವು ಮೂರೂ ಬೇರೆ ಬೇರೆ ಧಾತುಗಳು. ಮೈಗೆ ಆದದ್ದು ಹತ್ತು ಮಂದಿಗೂ ಒಂದೇ. ವ್ಯತ್ಯಾಸ ಕಾಣ್ಕೆಯದು. ಸಂಸ್ಕೃತದಿಂದ ಬಂದ ನಮ್ಮ 'ಕೃತಜ್ಞ' ಪದ ಇಲ್ಲಿ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಆ ಪದದಲ್ಲಿ ಹಿಂತಿರುಗಿ ಕೊಡುವ ಮಾತೇ ಇಲ್ಲ. ಮಾಡಿದ್ದನ್ನು ಅರಿತವನು ಎಂದಷ್ಟೇ ಅದರ ಅರ್ಥ.

ಕನ್ನಡ ಓದುಗರಾದ ನಮಗೆ ಇಲ್ಲೊಂದು ತೊಡಕಿದೆ. ಕೃತಜ್ಞತೆ ಎಂದ ಕೂಡಲೆ ನಮ್ಮ ಮನಸ್ಸು ಋಣದ ಕಡೆ ಹೊರಳುತ್ತದೆ. ಹಳಗನ್ನಡದ 'ಜೋಳದ ಪಾಳಿ' ಅಂಥದೇ ಪರಿಕಲ್ಪನೆ: ಯಾರ ಜೋಳ ಉಂಡೆಯೋ ಅವರಿಗಾಗಿ ತಲೆ ಕೊಡಬೇಕು. ಪಂಪನ ಕರ್ಣನನ್ನು ನಾವು ಪ್ರೀತಿಸುವುದು ಇದೇ ಕಾರಣಕ್ಕೆ. ತಾನು ಯಾರ ಮಗ ಎಂದು ಗೊತ್ತಾದ ಮೇಲೂ, ತಾಯಿ ಎದುರಿಗೆ ಬಂದು ನಿಂತ ಮೇಲೂ, ಅವನು ದುರ್ಯೋಧನನ ಋಣ ಬಿಡುವುದಿಲ್ಲ. ಅದು ದೊಡ್ಡ ಕೃತಜ್ಞತೆಯೇ. ಆದರೆ ಅದಕ್ಕೆ ಲೆಕ್ಕವಿದೆ, ತೀರಿಸುವ ದಿನವಿದೆ, ಆ ದಿನ ಕರ್ಣ ಸಾಯಬೇಕು. ಲೂಕನ ಸಮಾರ್ಯದವನು ಏನನ್ನೂ ತೀರಿಸುವುದಿಲ್ಲ. ಕೈಯಲ್ಲಿ ಏನನ್ನೂ ಹಿಡಿದು ಬಂದಿಲ್ಲ. ಸೇವೆ ಮಾಡುತ್ತೇನೆ, ಹಿಂಬಾಲಿಸುತ್ತೇನೆ ಎನ್ನುವುದೂ ಇಲ್ಲ. ಯೇಸುವೂ ಕೇಳುವುದಿಲ್ಲ. ಇದೇ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಯೇಸು ಫರಿಸಾಯ ಸೀಮೋನನಿಗೆ ಸಾಲದ ಉದಾಹರಣೆಯನ್ನೇ ಕೊಡುತ್ತಾನೆ ನಿಜ: ಒಬ್ಬನ ಸಾಲ 500 ದಿನಾರಿ, ಇನ್ನೊಬ್ಬನದು 50. ಆದರೆ ಅಲ್ಲಿ ಇಬ್ಬರಿಗೂ ಕೊಡಲು ಏನೂ ಇಲ್ಲ, ಸಾಲ ಕೊಟ್ಟವನು ಇಬ್ಬರನ್ನೂ ಬಿಟ್ಟುಬಿಡುತ್ತಾನೆ. ಋಣದ ಭಾಷೆಯನ್ನು ಎತ್ತಿಕೊಂಡು ಅದರ ಲೆಕ್ಕದ ಪುಸ್ತಕವನ್ನೇ ಹರಿದುಹಾಕುವ ಕಥೆ ಅದು. ಕಣ್ಣೀರಿನಿಂದ ಯೇಸುವಿನ ಪಾದ ತೊಳೆದ ಹೆಂಗಸನ್ನು ಕುರಿತು ಹೇಳಿದ ಕಥೆ. ಅದು ಮುಗಿದಾಗ ಊಟಕ್ಕೆ ಕೂತವರು ತಮ್ಮೊಳಗೇ ಕೇಳಿಕೊಳ್ಳುವ ಪ್ರಶ್ನೆ ಕೃತಜ್ಞತೆಯ ಬಗ್ಗೆ ಅಲ್ಲ. ಪಾಪಗಳನ್ನೂ ಕ್ಷಮಿಸುವ ಇವನು ಯಾರು ಎಂಬುದು.

ಈ ಪ್ರಶ್ನೆಯೇ 17ನೆಯ ಅಧ್ಯಾಯದಲ್ಲೂ ಇದೆ, ಆದರೆ ಅಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅದು ವಾಕ್ಯದ ಕಟ್ಟಿನಲ್ಲಿ ಅಡಗಿದೆ. ಗ್ರೀಕ್ ಮೂಲದಲ್ಲಿ ಆ ವಾಕ್ಯ ಸಾಗುವ ಕ್ರಮ ಸುಮಾರಾಗಿ ಹೀಗೆ: ಅವರಲ್ಲಿ ಒಬ್ಬ ತಾನು ಗುಣವಾದದ್ದನ್ನು ಕಂಡು ಹಿಂದಿರುಗುತ್ತಾನೆ, ದೊಡ್ಡ ದನಿಯಲ್ಲಿ ದೇವರನ್ನು ಕೊಂಡಾಡುತ್ತಾನೆ, 'ಅವನ' ಪಾದದ ಬಳಿ ಮುಖ ಅಡಿಯಾಗಿ ಬೀಳುತ್ತಾನೆ, 'ಅವನಿಗೆ' ಕೃತಜ್ಞತೆ ಹೇಳುತ್ತಾನೆ. ಯಾರ ಪಾದ? ಯೇಸುವಿನದು ಎಂಬುದು ಸನ್ನಿವೇಶದಿಂದ ಸ್ಪಷ್ಟ, ಅನುಮಾನವಿಲ್ಲ. ಆದರೆ ಈ ವಾಕ್ಯದಲ್ಲಿ ಯೇಸುವಿನ ಹೆಸರಿಲ್ಲ. ಆ ಸರ್ವನಾಮಕ್ಕೆ ತೀರ ಹತ್ತಿರ ಇರುವ ನಾಮಪದ 'ದೇವರು'. ಲೂಕ ಎಚ್ಚರ ತಪ್ಪಿ ಹೀಗೆ ಬರೆದನೋ ಬೇಕೆಂದೇ ಬರೆದನೋ ಎಂಬ ಚರ್ಚೆ ನನಗೆ ಮುಖ್ಯವಲ್ಲ. ಮುಖ್ಯವಾದದ್ದು, ಓದುವವನ ಕಣ್ಣು ಒಂದು ಕ್ಷಣ ದೇವರಿಂದ ಆ ಪಾದಗಳಿಗೆ ಅಡೆತಡೆಯಿಲ್ಲದೆ ಇಳಿಯುತ್ತದೆ ಎಂಬುದು. ಹಲವು ಅನುವಾದಗಳು ಸ್ಪಷ್ಟತೆಗಾಗಿ ಇಲ್ಲಿ ಯೇಸುವಿನ ಹೆಸರನ್ನು ಸೇರಿಸುತ್ತವೆ. ಅರ್ಥ ಸ್ಪಷ್ಟವಾಗುತ್ತದೆ, ಆ ಕ್ಷಣ ಹೋಗುತ್ತದೆ.

ಕನ್ನಡದಲ್ಲಂತೂ ಸರ್ವನಾಮ ಎಂದರೆ ಸುಮ್ಮನೆ ಸರ್ವನಾಮವಲ್ಲ. ಪ್ರೊಟೆಸ್ಟಂಟ್ ಸಭೆಗಳು ಬಹುಕಾಲದಿಂದ ಓದುತ್ತ ಬಂದ ಸತ್ಯವೇದದಲ್ಲಿ ಯೇಸು 'ಆತನು', ಉಳಿದವರು 'ಅವನು'. ಕಥೋಲಿಕರ ಓದಿನಲ್ಲಿ 'ಯೇಸುಸ್ವಾಮಿ', 'ಅವರು'. ಇವನು ಯಾರು ಎಂಬ ಪ್ರಶ್ನೆಗೆ ಓದುಗ ಉತ್ತರ ಹುಡುಕುವ ಮೊದಲೇ ನಮ್ಮ ಭಾಷೆ ಉತ್ತರ ಹೇಳಿಬಿಟ್ಟಿರುತ್ತದೆ. ಗ್ರೀಕ್‌ಗೆ ಆ ಸೌಲಭ್ಯ ಇಲ್ಲ. ರೋಗಿಗೂ ಯೇಸುವಿಗೂ ದೇವರಿಗೂ ಅಲ್ಲಿ ಒಂದೇ ಸರ್ವನಾಮ. (ನಾನಿಲ್ಲಿ ಏಕವಚನ ಬಳಸುತ್ತಿರುವುದು ಕರ್ಣನನ್ನೂ ಕೃಷ್ಣನನ್ನೂ ಏಕವಚನದಲ್ಲೇ ಕರೆಯುವ ವಿಮರ್ಶೆಯ ರೂಢಿಯಿಂದ, ಅಗೌರವದಿಂದಲ್ಲ.) ಆದರೂ ಹಳೆಯ 'ಆತನು' ನನಗೆ ಇಷ್ಟ. ದೇವರಿಗೂ ಯೇಸುವಿಗೂ ಅದೇ ಪದ ಸಲ್ಲುವುದರಿಂದ 'ಆತನ ಪಾದ' ಎಂದಾಗ ಗ್ರೀಕ್‌ನ ಆ ಜಾರುವಿಕೆ ಸ್ವಲ್ಪವಾದರೂ ಉಳಿಯುತ್ತದೆ.

ಇಲ್ಲಿ ಬರುವ 'ಕೃತಜ್ಞತೆ ಹೇಳು' ಎಂಬ ಕ್ರಿಯಾಪದದ ಗ್ರೀಕ್ ರೂಪ 'ಯೂಖರಿಸ್ತೆಯೋ'. ಹೊಸ ಒಡಂಬಡಿಕೆಯಲ್ಲಿ ಇದು ಬಹುಪಾಲು ದೇವರನ್ನೇ ಗುರಿಯಾಗಿಟ್ಟುಕೊಂಡು ಬರುತ್ತದೆ. ಸುವಾರ್ತೆಗಳಲ್ಲಿ ಅದು ಯೇಸುವಿನ ಕಡೆಗೆ ತಿರುಗುವುದು ಇದೊಂದೇ ಕಡೆ. ಹಾಗೆಂದು ಯೇಸು ಅದನ್ನು ತನಗೆ ಬಂದ ಮರ್ಯಾದೆಯೆಂದು ಎತ್ತಿಕೊಳ್ಳುವುದಿಲ್ಲ. ನನಗೆ ಯಾರೂ ಕೃತಜ್ಞತೆ ಹೇಳಲಿಲ್ಲವಲ್ಲ ಎಂದು ಅವನು ಗೊಣಗುತ್ತಿದ್ದಾನೆ ಎಂದು ಓದುವವರು ಅವನ ಮಾತನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ. ಅವನು ಕೇಳುವುದು, ದೇವರನ್ನು ಮಹಿಮೆಪಡಿಸಲು ಈ ಪರದೇಶಿಯ ಹೊರತು ಬೇರೆ ಯಾರೂ ಹಿಂದಿರುಗಲಿಲ್ಲವೇ ಎಂದು. ಅವನು ದೇವರ ಕಡೆ ಕೈ ತೋರಿಸುತ್ತಾನೆ. ಆದರೆ ಕಾಲಿಗೆ ಬಿದ್ದವನನ್ನು ತಡೆಯುವುದಿಲ್ಲ.

ತಡೆಯಬಹುದಿತ್ತೇ? ಇದೇ ಲೂಕ ಬರೆದ ಅಪೊಸ್ತಲರ ಕೃತ್ಯಗಳಲ್ಲಿ, 10ನೆಯ ಅಧ್ಯಾಯದಲ್ಲಿ, ರೋಮನ್ ಅಧಿಕಾರಿ ಕೊರ್ನೇಲ್ಯ ಪೇತ್ರನ ಕಾಲಿಗೆ ಬೀಳುತ್ತಾನೆ. ಪೇತ್ರ ಗಾಬರಿಯಿಂದ ಅವನನ್ನು ಎಬ್ಬಿಸಿ ನಾನೂ ಮನುಷ್ಯನೇ ಎನ್ನುತ್ತಾನೆ. 14ನೆಯ ಅಧ್ಯಾಯದಲ್ಲಿ ಲುಸ್ತ್ರದ ಜನ ಬಾರ್ನಬ ಮತ್ತು ಪೌಲರನ್ನು ದೇವತೆಗಳೆಂದು ತಿಳಿದು ಬಲಿ ಕೊಡಲು ಹೊರಟಾಗ ಅವರಿಬ್ಬರೂ ಬಟ್ಟೆ ಹರಿದುಕೊಂಡು ಕೂಗಾಡುತ್ತಾರೆ. ಹೀಗೆ ಬೀಳುವುದರ ಅಪಾಯ ಲೂಕನಿಗೆ ಚೆನ್ನಾಗಿ ಗೊತ್ತು. ಯೇಸು ಕೂಡ ಕೊನೆಗೆ ಎದ್ದು ಹೋಗು ಎನ್ನುತ್ತಾನಾದರೂ ನಾನೂ ಮನುಷ್ಯನೇ ಎನ್ನುವ ಕಾರಣ ಕೊಡುವುದಿಲ್ಲ. ನಿನ್ನ ನಂಬಿಕೆ ನಿನ್ನನ್ನು ರಕ್ಷಿಸಿತು ಎನ್ನುತ್ತಾನೆ. ಒಬ್ಬನೇ ಲೇಖಕ, ಅದೇ ಭಂಗಿ, ಬೇರೆ ಉತ್ತರ. 4ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಅಥನೇಷಿಯಸ್, ಮಗನು ಸೃಷ್ಟಿಗೆ ಸೇರಿದವನು ಎನ್ನುತ್ತಿದ್ದ ಆರಿಯಸ್‌ನ ಕಡೆಯವರ ವಿರುದ್ಧ ವಾದಿಸುವಾಗ ಕೊರ್ನೇಲ್ಯನ ಈ ಪ್ರಸಂಗವನ್ನೇ ಎತ್ತಿ ತೋರಿಸುತ್ತಾನೆ. 325ರ ನೈಸಿಯಾ ಸಮ್ಮೇಳನ ಮಗನು ತಂದೆಯೊಂದಿಗೆ ಒಂದೇ ಸತ್ವದವನು ಎಂದು ಸಾರಿದಾಗ ಅದರ ಹಿಂದೆ ತತ್ತ್ವಶಾಸ್ತ್ರ ಇತ್ತು, ಸಾಮ್ರಾಟ ಕಾನ್‌ಸ್ಟಂಟೈನನ ರಾಜಕಾರಣವೂ ಇತ್ತು. ಆದರೆ ಅದಕ್ಕೂ ಮೊದಲು ಕಾಲಿಗೆ ಬಿದ್ದವರಿದ್ದರು. ಸಿದ್ಧಾಂತಕ್ಕಿಂತ ಕೃತಜ್ಞತೆ ಮುಂಚೆ ಹುಟ್ಟಿತು ಎಂಬುದು ಲೂಕನನ್ನು ಓದುವಾಗ ನನಗೆ ಬಲವಾಗಿ ಅನಿಸುತ್ತದೆ.

ಕೃತಜ್ಞತೆಯನ್ನು ಲೂಕ ಸುಮ್ಮನೆ ಕೊಂಡಾಡುತ್ತಾನೆ ಎಂದೂ ತಿಳಿಯಬೇಕಿಲ್ಲ. ಅವನ ಸುವಾರ್ತೆಯಲ್ಲಿ ಯೂಖರಿಸ್ತೆಯೋ ಬರುವುದು ನಾಲ್ಕೇ ಸಲ. ಎರಡನೆಯ ಸಲ ಮುಂದಿನ ಅಧ್ಯಾಯದಲ್ಲೇ, ಗುಡಿಯಲ್ಲಿ ನಿಂತು ಪ್ರಾರ್ಥಿಸುವ ಫರಿಸಾಯನ ಬಾಯಲ್ಲಿ. ತಾನು ಉಳಿದ ಜನರ ಹಾಗೆ ಇಲ್ಲ, ಅಗೋ ಆ ಸುಂಕದವನ ಹಾಗೂ ಇಲ್ಲ ಎಂದು ಅವನು ದೇವರಿಗೆ ಕೃತಜ್ಞತೆ ಹೇಳುತ್ತಾನೆ. ಪದ ಅದೇ. ಕಾಣ್ಕೆ ಮಾತ್ರ ಇಲ್ಲ. ಅವನು ನೋಡುತ್ತಿರುವುದು ತನ್ನನ್ನು ಮತ್ತು ಪಕ್ಕದವನನ್ನು. ನಮ್ಮ ಕಾಲದ ಸಾಕ್ಷ್ಯಗಳಲ್ಲಿ, ನನಗೆ ಕೆಲಸ ಸಿಕ್ಕಿತು, ನನ್ನ ಮನೆ ಉಳಿಯಿತು, ಪಕ್ಕದ ಬೀದಿ ಮುಳುಗಿತು ಎನ್ನುವ ಸ್ತೋತ್ರಗಳಲ್ಲಿ ಈ ಫರಿಸಾಯನ ದನಿ ಎಷ್ಟು ಸಲ ಕೇಳಿಬರುತ್ತದೆ! ಕೃತಜ್ಞತೆಯ ಧರ್ಮಶಾಸ್ತ್ರ ಬರೆಯುವವರು ಇದನ್ನು ದಾಟಿ ಹೋಗುವುದು ಹೆಚ್ಚು. ಲೂಕ ದಾಟುವುದಿಲ್ಲ.

ಮೂರನೆಯ ಮತ್ತು ನಾಲ್ಕನೆಯ ಸಲ, 22ನೆಯ ಅಧ್ಯಾಯದಲ್ಲಿ, ಕೃತಜ್ಞತೆ ಹೇಳುವವನು ಯೇಸುವೇ. ಸಾವಿನ ಹಿಂದಿನ ರಾತ್ರಿ ಪಾತ್ರೆ ಹಿಡಿದು ಒಮ್ಮೆ, ರೊಟ್ಟಿ ಮುರಿಯುವಾಗ ಇನ್ನೊಮ್ಮೆ. 17ರಲ್ಲಿ ದೇವರಿಗೆ ಸಲ್ಲುವುದನ್ನು ಪಡೆದವನು 22ರಲ್ಲಿ ಮನುಷ್ಯರೆಲ್ಲ ಮಾಡುವ ಹಾಗೆ ಊಟಕ್ಕೆ ಮುಂಚೆ ದೇವರಿಗೆ ಕೃತಜ್ಞತೆ ಹೇಳುತ್ತಾನೆ. 451ರಲ್ಲಿ ಖಲ್ಸೆದೋನ್ ಸಮ್ಮೇಳನ ಒಬ್ಬನಲ್ಲೇ ಎರಡು ಸ್ವಭಾವ, ಒಂದರೊಳಗೊಂದು ಬೆರೆಯದೆ, ಒಂದರಿಂದೊಂದು ಬೇರ್ಪಡದೆ ಎಂದು ತುಂಬ ಕಷ್ಟಪಟ್ಟು ಹೇಳಿದ್ದನ್ನು ಲೂಕ ಒಂದೇ ಕ್ರಿಯಾಪದದ ಎರಡು ದಿಕ್ಕುಗಳಲ್ಲಿ ಹೇಳದೆಯೇ ಇಟ್ಟಿದ್ದಾನೆ. ಆ ಊಟಕ್ಕೆ ಜಗತ್ತಿನ ಹಲವು ಭಾಷೆಗಳಲ್ಲಿ ಈ ಕ್ರಿಯಾಪದದಿಂದಲೇ ಹೆಸರು ಬಂತು. ಕನ್ನಡದ ಕಥೋಲಿಕರು ಅದನ್ನು ಕರೆಯುವುದು 'ಪರಮಪ್ರಸಾದ' ಎಂದು. ಕೃತಜ್ಞತೆಯ ಅರ್ಥ ಇದರಲ್ಲಿ ಕಳೆದುಹೋಯಿತು ಎಂದು ಮೇಲ್ನೋಟಕ್ಕೆ ಅನಿಸಬಹುದು. ಆದರೆ ಯೂಖರಿಸ್ತೆಯೋದ ಒಳಗಿರುವುದು 'ಖರಿಸ್' ಎಂಬ ಪದ. ಗ್ರೀಕ್‌ನಲ್ಲಿ ಅದಕ್ಕೆ ಕೃಪೆ ಎಂದೂ ಅರ್ಥ, ಆ ಕೃಪೆಗೆ ಹೇಳುವ ಕೃತಜ್ಞತೆ ಎಂದೂ ಅರ್ಥ. ಪ್ರಸಾದ ಎಂದರೂ ಕೃಪೆ, ಅನುಗ್ರಹ. ಶರಣರಿಂದ ಬಂದ ತೂಕವೂ ಕನ್ನಡದಲ್ಲಿ ಆ ಪದಕ್ಕಿದೆ. ಅನುವಾದಕರು ಬೇರು ಹುಡುಕಿ ಹೊರಟರೋ ಇಲ್ಲವೋ, ಬೇರಿಗೇ ತಲುಪಿದ್ದಾರೆ.

ಕಥೆಯ 'ಪರದೇಶಿ' ಪದಕ್ಕೆ ಇನ್ನೊಮ್ಮೆ ಬರಬೇಕು. ಲೂಕ ಬಳಸುವ 'ಅಲ್ಲೊಗೆನೇಸ್' ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಇಲ್ಲ. ಕಲ್ಲಿನ ಮೇಲೆ ಇದೆ. 1871ರಲ್ಲಿ ಯೆರೂಸಲೇಮಿನಲ್ಲಿ ದೊರೆತ, ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿರುವ ಗ್ರೀಕ್ ಶಾಸನ ಅದು. ದೇವಾಲಯದ ಒಳ ಅಂಗಳದ ತಡೆಗೋಡೆಯಲ್ಲಿದ್ದ ಎಚ್ಚರಿಕೆ. ಯಾವ ಅಲ್ಲೊಗೆನೇಸನೂ ಇದನ್ನು ದಾಟಕೂಡದು, ಸಿಕ್ಕಿಬಿದ್ದರೆ ಸಾವಿಗೆ ಅವನೇ ಹೊಣೆ ಎಂದು ಅದರ ತಾತ್ಪರ್ಯ. ಯಾಜಕರ ಬಳಿ ಹೋಗಿ ಎಂಬ ಮಾತು ಒಂಬತ್ತು ಮಂದಿಗೆ ಒಂದು ಅರ್ಥ ಕೊಟ್ಟಿತು, ಹತ್ತನೆಯವನಿಗೆ ಬೇರೆಯದು. ಅವನ ಜನ ಗೆರಿಜೀಮ್ ಬೆಟ್ಟದಲ್ಲಿ ಕಟ್ಟಿಕೊಂಡಿದ್ದ ದೇವಾಲಯವನ್ನು ಯೆಹೂದಿ ಅರಸ ಯೋಹಾನ ಹಿರ್ಕಾನಸ್ ಕ್ರಿ.ಪೂ. 2ನೆಯ ಶತಮಾನದ ಉತ್ತರಾರ್ಧದಲ್ಲೇ ಕೆಡವಿಸಿದ್ದ. ಕೃತಜ್ಞತೆ ಸಲ್ಲಿಸಲು ಯೆರೂಸಲೇಮಿನ ಅಂಗಳ ಅವನದಲ್ಲ, ತನ್ನ ಬೆಟ್ಟದ ಗುಡಿ ಇಲ್ಲ. ಆ ಹಳ್ಳಿಯ ದಾರಿಯಲ್ಲಿ, ಯಾವ ತಡೆಗೋಡೆಯೂ ಇಲ್ಲದೆ, ಎರಡು ಪಾದಗಳಿದ್ದವು. ಎದ್ದು ಹೋಗು ಎಂದ ಮೇಲೆ ಅವನು ಎಲ್ಲಿಗೆ ಹೋದ ಎಂದು ಲೂಕ ಬರೆದಿಲ್ಲ.