ಟೋಪಿಯೊಳಗಿನ ಹೆಸರು

ಎಡ್ವರ್ಡ್ ಲಿಯರ್ ಎಂದರೆ ನಮಗೆ ಲಿಮರಿಕ್‌ಗಳ ಲಿಯರ್. ಅವನ ಭೂದೃಶ್ಯ ಚಿತ್ರಗಳಿಗೂ ಈಚೆಗೆ ಮರ್ಯಾದೆ ಸಿಕ್ಕಿದೆ. ಇವೆರಡರ ನಡುವೆ ಸರಿಯಾದ ಗಮನ ಸಿಗದೆ ಉಳಿದದ್ದು, ಗೆಳೆಯರಿಗೆ ಬರೆದ ಕಾಗದಗಳಲ್ಲಿ ಅವನು ಗೀಚಿಕೊಂಡ ತನ್ನದೇ ಚಿತ್ರಗಳು. ಜೀವನಚರಿತ್ರೆಗಳಲ್ಲಿ ಅವು ಪುಟ ತುಂಬಿಸುವ ಅಲಂಕಾರ. ನನ್ನ ಪ್ರಕಾರ ಅವನ ರೇಖೆ ಪೂರ್ತಿ ಪಳಗಿರುವುದು ಅಲ್ಲಿಯೇ. ವಯಸ್ಸು ಏರುತ್ತಿರುವ ಮೈಯನ್ನು ಇಷ್ಟು ಚೆನ್ನಾಗಿ ನೋಡಿ ನಕ್ಕ ಚಿತ್ರಕಾರ ಆ ಶತಮಾನದಲ್ಲಿ ನನಗೆ ಇನ್ನೊಬ್ಬ ಕಂಡಿಲ್ಲ.

ಒಂದು ಚಿತ್ರ ತೆಗೆದುಕೊಳ್ಳೋಣ. ‘ಬುಕ್ ಆಫ್ ನಾನ್ಸೆನ್ಸ್’ 1846ರಲ್ಲಿ ಬಂದಾಗ ಅದರ ಮೇಲೆ ಲಿಯರ್‌ನ ಹೆಸರಿರಲಿಲ್ಲ. ಬರೆದವರು ಡಾರ್ಬಿಯ ಅರ್ಲ್ ಎಂಬ ಗುಲ್ಲು ಹಬ್ಬಿತ್ತು. 1861ರಲ್ಲಿ ಹೆಸರು ಹಾಕಿದ ಮೇಲೂ ಅದು ನಿಲ್ಲಲಿಲ್ಲ. ರೈಲಿನಲ್ಲಿ ಒಬ್ಬರು ಲಿಯರ್ ಎಂಬ ಮನುಷ್ಯನೇ ಇಲ್ಲವೆಂದು ವಾದಿಸಿದಾಗ, ಅಲ್ಲೇ ಕೂತಿದ್ದ ಲಿಯರ್ ಟೋಪಿ ತೆಗೆದು ಒಳಗಿದ್ದ ಹೆಸರು ತೋರಿಸಿದ. ಆಗ ಅವನಿಗೆ ಐವತ್ತು ದಾಟಿತ್ತು. ಈ ಪ್ರಸಂಗವನ್ನು ಅವನು 1872ರ ‘ಮೋರ್ ನಾನ್ಸೆನ್ಸ್’ ಮುನ್ನುಡಿಯಲ್ಲಿ ಹೇಳಿದ್ದಾನೆ, ಚಿತ್ರವಾಗಿಯೂ ಬರೆದಿದ್ದಾನೆ.

ಗಡ್ಡ, ಪುಟ್ಟ ಕನ್ನಡಕ, ಕೋಟಿನೊಳಗೆ ಹಿಡಿಸದ ಹೊಟ್ಟೆ, ಅದರ ಕೆಳಗೆ ಸಣಕಲು ಕಾಲು. ವ್ಯಂಗ್ಯಚಿತ್ರದಲ್ಲಿ ದಪ್ಪ ಮನುಷ್ಯನನ್ನು ನೆಲಕ್ಕೆ ಕುಕ್ಕರಿಸುವುದು ರೂಢಿ. ಭಾರವೇ ಅಲ್ಲಿ ನಗೆ. ಲಿಯರ್‌ನ ಹೊಟ್ಟೆಗೆ ಗಾತ್ರವಿದೆ, ಭಾರವಿಲ್ಲ. ಯಾಕೆಂದರೆ ಅದು ಹಕ್ಕಿಯ ಮೈಕಟ್ಟು. ಇಪ್ಪತ್ತು ತುಂಬುವ ಮೊದಲೇ ಲಂಡನ್ ಮೃಗಾಲಯದಲ್ಲಿ ಜೀವಂತ ಗಿಳಿಗಳ ಮುಂದೆ ಕೂತು ಚಿತ್ರ ಬರೆಯತೊಡಗಿದವನು ಅವನು. ದುಂಡು ಒಡಲು ತೆಳು ಕಾಲಿನ ಮೇಲೆ ಹೇಗೆ ನಿಲ್ಲುತ್ತದೆ, ಎದೆ ಎಷ್ಟು ಮುಂದೆ ಬರುತ್ತದೆ ಎಂಬುದು ಅವನ ಕೈಗೆ ಗೊತ್ತು. ಮೂವತ್ತು ವರ್ಷಗಳ ಮೇಲೆ ಅದೇ ತಿಳಿವಳಿಕೆಯನ್ನು ತನ್ನ ಬೊಜ್ಜಿನ ಮೇಲೆ ಪ್ರಯೋಗಿಸಿದ್ದಾನೆ. ನಗು ಬರುವುದು ಅವನು ದಪ್ಪಗಿರುವುದಕ್ಕಲ್ಲ, ಆ ದಪ್ಪ ಮೈ ಈಗಲೋ ಆಗಲೋ ಹಾರೀತು ಅನ್ನಿಸುವುದಕ್ಕೆ. ಇದನ್ನು ಕೈಗೆ ಬಂದ ಗೀಚು ಎನ್ನುವವರು ಆ ಗಿಳಿಚಿತ್ರಗಳಿಂದಾದ ಅವನ ಪುಸ್ತಕವನ್ನು ಇನ್ನೊಮ್ಮೆ ತೆರೆಯಬೇಕು.

ನನ್ನ ಜಗಳ ಇರುವುದು ಈ ಸ್ವಚಿತ್ರಗಳನ್ನು ಅಳುವಿನ ಮುಖವಾಡ ಎಂದು ಓದುವವರ ಜೊತೆ. ಆ ಓದಿಗೆ ದೊಡ್ಡ ಬಲ ಕೊಟ್ಟದ್ದು ಕವಿ ಆಡೆನ್ 1939ರಲ್ಲಿ ಲಿಯರ್ ಬಗ್ಗೆ ಬರೆದ ಪದ್ಯ. ಅಲ್ಲಿಯ ಲಿಯರ್ ಒಂಟಿ, ರಾತ್ರಿ ಅಳುವವನು, ತನ್ನ ಮೂಗನ್ನೇ ದ್ವೇಷಿಸುವವನು. ಅವನಿಗೆ ಅಪಸ್ಮಾರವಿತ್ತು, ಖಿನ್ನತೆ ಇತ್ತು. ಜೀವನಚರಿತ್ರೆಗಳಿಂದ ಅದು ತಿಳಿದ ಮೇಲಂತೂ ಪ್ರತಿ ಗೀಟಿನಲ್ಲೂ ನೋವು ಹುಡುಕುವುದು ವಿಮರ್ಶೆಯ ಚಾಳಿಯೇ ಆಯಿತು. ನೋವು ನಿಜ. ಆದರೆ ಅದಕ್ಕೆ ಅವನು ಬೇರೆ ಜಾಗ ಇಟ್ಟಿದ್ದ: ರೋಗ ಬಂದ ದಿನ ದಿನಚರಿಯಲ್ಲಿ ಒಂದು ಕತ್ತರಿ ಗುರುತು ಹಾಕುತ್ತಿದ್ದ. ಅಲ್ಲಿ ಬಚ್ಚಿಡದೆ ಗುರುತಿಸಿದ್ದನ್ನು ಇಲ್ಲಿ ಬಚ್ಚಿಟ್ಟಿದ್ದಾನೆಂದು ಊಹಿಸುವುದು ಯಾಕೆ? ಮೂಗನ್ನು ದ್ವೇಷಿಸುವವನು ಅದನ್ನು ಕಾಗದದ ಮೇಲೆ ಕಾಗದದಲ್ಲಿ ಬರೆದು ಗೆಳೆಯರಿಗೆ ಅಂಚೆಯಲ್ಲಿ ಕಳಿಸುತ್ತಾನೆಯೇ? ಕವಿಯ ಕರುಣೆ ಇಲ್ಲಿ ಚಿತ್ರಕಾರನ ಕಸುಬನ್ನು ಮರೆಮಾಡಿದೆ.

ಕೊರತೆಯೂ ಇದೆ, ಹೇಳಲೇಬೇಕು. ಐವತ್ತರ ಹೊತ್ತಿಗೆ ಸಿಕ್ಕ ಆಕಾರವನ್ನು ಅವನು ಮತ್ತೆ ಬಿಡಲೇ ಇಲ್ಲ. 1885ರಲ್ಲಿ ಬೆಕ್ಕು ಫಾಸ್ ಜೊತೆ ತನ್ನನ್ನು ಬರೆದುಕೊಂಡು, ವಯಸ್ಸು ಎಪ್ಪತ್ತಮೂರೂವರೆ ಎಂದು ಅಡಿಬರಹ ಕೊಟ್ಟ. ಮುಪ್ಪು ಆ ಅಡಿಬರಹದಲ್ಲಿ ಕಾಣುವಷ್ಟು ರೇಖೆಯಲ್ಲಿ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಅವನ ಕಾಗದಗಳನ್ನು ಅಚ್ಚು ಹಾಕಿಸುವ ಸಂಪಾದಕರದು. 1864ರಲ್ಲಿ ಗೆಳೆಯ ಎವೆಲಿನ್ ಬೇರಿಂಗ್‌ಗೆ ಬರೆದ ಒಂದು ಕಾಗದದಲ್ಲಿ ಅಕ್ಷರಗಳೇ ಬಸವನಹುಳುವಿನ ಚಿಪ್ಪಾಗಿ ಸುತ್ತಿಕೊಂಡಿವೆ. ಅಲ್ಲಿ ಬರಹ ಯಾವುದು, ಚಿತ್ರ ಯಾವುದು ಎಂದು ಬಿಡಿಸಲಾಗದು. ಅವನ ಸ್ವಚಿತ್ರಗಳೂ ಹಾಗೆಯೇ, ವಾಕ್ಯದ ನಡುವೆ ಹುಟ್ಟಿದವು. ಅವನ್ನು ಕತ್ತರಿಸಿ ಬಿಡಿಬಿಡಿಯಾಗಿ ಅಚ್ಚು ಹಾಕುವುದನ್ನು ಬಿಟ್ಟು, ಕಾಗದ ಇದ್ದ ಹಾಗೆಯೇ ಇಡಿಯಾಗಿ ಓದುಗರ ಕೈಗೆ ಕೊಡಬೇಕು.