ಕೋಣೆಯೂ ಗೋಷ್ಠಿಯೂ

ಮಗಳನ್ನು ಸ್ತ್ರೀಯರ ಕಾಲೇಜಿಗೆ ಸೇರಿಸುವುದು ಮೇಲೋ, ಹುಡುಗರೂ ಹುಡುಗಿಯರೂ ಒಟ್ಟಿಗೆ ಕಲಿಯುವ ಕಾಲೇಜಿಗೆ ಸೇರಿಸುವುದು ಮೇಲೋ ಎಂಬ ಪ್ರಶ್ನೆ ಈಗ ಪಟ್ಟಣವಾಸಿಗಳದು ಮಾತ್ರವಲ್ಲ. ಜಗಳೂರು ಸೀಮೆಯ ಸೊಕ್ಕೆಯಂತಹ ಊರಿನ ಮನೆಗಳಿಗೂ ಅದು ಬಂದಿದೆ. ದಾವಣಗೆರೆಯಲ್ಲಿ ಎರಡು ಬಗೆಯ ಕಾಲೇಜುಗಳೂ ಉಂಟು. 2023ರ ಜೂನ್ 11ರಂದು ಸರಕಾರದ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವು ಮೊದಲಾದ ಮೇಲೆ ಹೋಗಿಬರುವ ವೆಚ್ಚದ ಮಾತೂ ಹಗುರವಾಯಿತು. ಆದರೆ ಮನೆಗಳಲ್ಲಿ ಈ ಚರ್ಚೆಯು 'ಕ್ಷೇಮ' ಎಂಬ ಒಂದೇ ಮಾತಿನಿಂದ ಹೊರಟು ಅಲ್ಲಿಯೇ ನಿಲ್ಲುವುದುಂಟು. ವಿದ್ಯೆಯ ಮಾತು ಹಿಂದೆ ಬೀಳುತ್ತದೆ. ಈ ಕೊರತೆಯನ್ನು ನೀಗಬಲ್ಲ ಎರಡು ಕೃತಿಗಳನ್ನು ಜೊತೆಯಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ. ಒಂದು, ವರ್ಜಿನಿಯಾ ವುಲ್ಫ್ ಎಂಬ ಆಂಗ್ಲ ಲೇಖಕಿಯ 'ಎ ರೂಮ್ ಆಫ್ ಒನ್ಸ್ ಓನ್'; ಇನ್ನೊಂದು, ನಮ್ಮ 'ಶೂನ್ಯಸಂಪಾದನೆ'ಯಲ್ಲಿ ಬರುವ ಅಕ್ಕಮಹಾದೇವಿಯ ಪ್ರಸಂಗ.

ವುಲ್ಫ್ 1928ರ ಅಕ್ಟೋಬರಿನಲ್ಲಿ ಕೇಂಬ್ರಿಜ್ಜಿನ ನ್ಯೂನಮ್ ಮತ್ತು ಗರ್ಟನ್ ಎಂಬ ಎರಡು ಸ್ತ್ರೀ ಕಾಲೇಜುಗಳಲ್ಲಿ ಮಾಡಿದ ಉಪನ್ಯಾಸಗಳೇ ಮರುವರ್ಷ ಈ ಗ್ರಂಥವಾದುವು. ಹೆಣ್ಣು ಬರೆಯಬೇಕಾದರೆ ವರ್ಷಕ್ಕೆ 500 ಪೌಂಡು ವರಮಾನವೂ ಬಾಗಿಲಿಗೆ ಬೀಗವಿರುವ ಸ್ವಂತ ಕೋಣೆಯೂ ಬೇಕೆಂಬುದು ಆಕೆಯ ವಾದ. ಇದನ್ನು ಸ್ತ್ರೀ ಕಾಲೇಜಿನ ಪರವಾದ ವಕಾಲತ್ತು ಎಂದು ಎತ್ತಿಕೊಳ್ಳುವವರು ಗ್ರಂಥದ ಮೊದಲ ಅಧ್ಯಾಯವನ್ನು ಸಾವಧಾನವಾಗಿ ಓದಬೇಕು. ಅಲ್ಲಿ ಗಂಡಸರ ಕಾಲೇಜಿನ ಹುಲ್ಲುಹಾಸನ್ನು ತುಳಿದ ಹೆಂಗಸನ್ನು ಕಾವಲುಗಾರನು ಅಟ್ಟುತ್ತಾನೆ. ಪುಸ್ತಕಭಂಡಾರದ ಬಾಗಿಲು ಆಕೆಗೆ ಮುಚ್ಚಿದೆ. ಆದರೆ ಹೆಂಗಸರ ಕಾಲೇಜಿನ ಬಾಗಿಲು ತೆರೆದಿದ್ದರೂ ಅಲ್ಲಿಯ ಊಟ ಬಡವರ ಊಟ. ಗಂಡಸರ ಕಾಲೇಜಿನಲ್ಲಿ ಮೀನು, ಹಕ್ಕಿಯ ಮಾಂಸ, ದ್ರಾಕ್ಷಾರಸ. ಇಲ್ಲಿ ಸಾಮಾನ್ಯ ಮಾಂಸ, ಒಣಹಣ್ಣು, ಕುಡಿಯಲು ನೀರು. ಊಟದ ಈ ವರ್ಣನೆ ವಿನೋದಕ್ಕಾಗಿ ಬಂದುದಲ್ಲ. ಪ್ರತ್ಯೇಕವಾದುದು ದರಿದ್ರವಾಗಿಯೂ ಇದ್ದರೆ ಅದರಿಂದ ಹೆಣ್ಣಿಗೆ ಪೂರ್ಣಲಾಭವಿಲ್ಲವೆಂಬುದೇ ಅದರ ತಾತ್ಪರ್ಯ. ಕೇಂಬ್ರಿಜ್ಜು ಹೆಂಗಸರಿಗೆ ಪೂರ್ಣಪದವಿಯನ್ನು ಕೊಟ್ಟುದು 1948ರಲ್ಲಿ. ಮುಂದೆ ಗರ್ಟನ್ ಗಂಡುಹುಡುಗರನ್ನೂ ಸೇರಿಸಿಕೊಂಡಿತು. ನ್ಯೂನಮ್ ಸ್ತ್ರೀಯರದಾಗಿಯೇ ಉಳಿಯಿತು. ಒಂದೇ ಉಪನ್ಯಾಸವನ್ನು ಕೇಳಿದ ಎರಡು ಮನೆಗಳು ಎರಡು ದಾರಿ ಹಿಡಿದುವು.

ಇನ್ನು ಶೂನ್ಯಸಂಪಾದನೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಈ ಗ್ರಂಥವು ವಚನಗಳನ್ನು ಸಂವಾದರೂಪದಲ್ಲಿ ಜೋಡಿಸುತ್ತದೆ. ಕಲ್ಯಾಣದ ಅನುಭವಗೋಷ್ಠಿಗೆ ಅಕ್ಕನು ಒಬ್ಬಳೇ ಬರುತ್ತಾಳೆ. ಅಲ್ಲಮಪ್ರಭುವು ಆಕೆಯ ಪತಿ ಯಾರೆಂದು ಕೇಳುತ್ತಾನೆ. ಸೀರೆಯನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡಿರುವೆ ಎಂದು ಕೆಣಕುತ್ತಾನೆ. ಅಕ್ಕನು ಒಂದೊಂದಕ್ಕೂ ಎದೆಗುಂದದೆ ಉತ್ತರವಿತ್ತು, ಕಡೆಗೆ ಆ ಗೋಷ್ಠಿಯ ಗೌರವಕ್ಕೆ ಪಾತ್ರಳಾಗುತ್ತಾಳೆ. ಗಂಡಸರ ನಡುವೆ ನಿಂತು ವಾದಿಸಿದುದರಿಂದಲೇ ಅಕ್ಕನ ಮಾತಿಗೆ ಈ ಪ್ರಸಂಗದಲ್ಲಿ ಇಷ್ಟು ಕಾಂತಿ ಬಂದಿತು ಎಂದು ಸಹಶಿಕ್ಷಣವಾದಿಗಳು ಹೇಳಬಹುದು. ಅದು ನಿಜವೂ ಹೌದು. ಆದರೆ ಉಡುಗೆಯನ್ನೂ ಪತಿಯನ್ನೂ ಕುರಿತ ಆ ಪ್ರಶ್ನೆಗಳು ಒಬ್ಬ ಶರಣನ ಪಾಲಿಗೆ ಆ ಬಗೆಯಲ್ಲಿ ಬರುತ್ತಿರಲಿಲ್ಲವೆಂಬುದನ್ನು ವಿಮರ್ಶಕನು ಮರೆಯಬಾರದು. ಗೋಷ್ಠಿ ಆಕೆಯನ್ನು ಒಳಗೆ ಬಿಟ್ಟುಕೊಂಡಿತು; ಆದರೆ ಒಳಬರುವ ಸುಂಕವನ್ನು ಹೆಚ್ಚಾಗಿ ತೆಗೆದುಕೊಂಡಿತು.

ಹೀಗೆ ಒಂದು ಕೃತಿ ಪ್ರತ್ಯೇಕಶಾಲೆಯ ದೋಷವನ್ನೂ ಇನ್ನೊಂದು ಕೂಡುಗೋಷ್ಠಿಯ ದೋಷವನ್ನೂ ತಾವು ಮೆಚ್ಚಿದ ವಸ್ತುವಿನಲ್ಲಿಯೇ ತೋರಿಸಿಕೊಡುತ್ತವೆ. ಅಕ್ಕನಂತಹ ಧೀರೆಯನ್ನು ಹದಿನೆಂಟು ವರ್ಷದ ಹುಡುಗಿಗೆ ಮಾದರಿಯಾಗಿಡುವುದು ಅನ್ಯಾಯವಲ್ಲವೆ ಎಂದು ವಾಚಕರು ಕೇಳಬಹುದು. ಆಕ್ಷೇಪಣೆ ಯುಕ್ತವಾದುದೇ. ತರಗತಿಯಲ್ಲಿ ಬಾಯಿಬಿಡಲು ಅಂಜುವ ಹುಡುಗಿಗೆ ಮೊದಲು ತನ್ನವರ ನಡುವೆ ಮಾತು ಕೂಡಿಸಿಕೊಳ್ಳುವ ಅವಕಾಶ ಬೇಕಾದೀತು. 1881ರಲ್ಲಿ ಮೈಸೂರಿನಲ್ಲಿ ಹುಟ್ಟಿ ಮುಂದೆ ಕಾಲೇಜಾಗಿ ಬೆಳೆದ ಮಹಾರಾಣಿಯವರ ಹೆಣ್ಣುಮಕ್ಕಳ ಪಾಠಶಾಲೆ ಅಂತಹ ಅವಕಾಶವನ್ನೇ ಒದಗಿಸಿತು. ಆದರೆ ಆ ಕಾಲೇಜಿನಲ್ಲಿ ಪುಸ್ತಕಭಂಡಾರವೂ ಪ್ರಯೋಗಶಾಲೆಯೂ ಸಮರ್ಥ ಅಧ್ಯಾಪಕರೂ ಇದ್ದಾರೆಯೆ ಎಂದು ತಂದೆತಾಯಿಗಳು ನೋಡಲೇಬೇಕು. ಕೂಡುಕಾಲೇಜಾದರೆ, ಅಲ್ಲಿ ಪ್ರಶ್ನೆ ಕೇಳುವವರು ಯಾರು, ಸಂಘಗಳ ಮುಂದಾಳುತನ ಯಾರದು, ಹುಡುಗಿಯ ಉಡುಗೆಯನ್ನು ವಿಚಾರಿಸುವಷ್ಟೇ ಆಕೆಯ ಓದನ್ನೂ ವಿಚಾರಿಸುವರೆ ಎಂಬುದನ್ನು ನೋಡಬೇಕು.

ಇವೆರಡಕ್ಕೂ ಮೊದಲಾಗಿ ಕೇಳಬೇಕಾದ ಮಾತೊಂದುಂಟು. ವುಲ್ಫ್ ಬೇಡಿದ ಬೀಗ ಕೋಣೆಯಲ್ಲಿರುವವಳ ಕೈಯದು. ಅದೇ ಬೀಗ ಹೊರಗಿನವರ ಕೈಸೇರಿದರೆ ಆ ಕೋಣೆಗೆ ಬೇರೆ ಹೆಸರು. ಅಕ್ಕನನ್ನು ಕಲ್ಯಾಣಕ್ಕೆ ಯಾರೂ ಕಳುಹಿಸಲಿಲ್ಲ, ಅಲ್ಲಿಂದ ಶ್ರೀಶೈಲಕ್ಕೂ ಯಾರೂ ಕರೆದೊಯ್ಯಲಿಲ್ಲ. ಎರಡು ಕೃತಿಗಳೂ ಒಮ್ಮತದಿಂದ ಹೇಳುವುದು ಇದನ್ನೇ: ಆರಿಸುವವಳು ಕಲಿಯುವವಳೇ ಆಗಬೇಕು. ಕಾಲೇಜಿನ ಅರ್ಜಿಯನ್ನು ತುಂಬುವ ದಿನ ಹಿರಿಯರು ತಮ್ಮ ಅನುಭವವನ್ನೂ ವೆಚ್ಚದ ಲೆಕ್ಕವನ್ನೂ ಮಗಳ ಮುಂದಿಡಲಿ. ಲೇಖನಿಯನ್ನು ಮಾತ್ರ ಆಕೆಯ ಕೈಗೆ ಕೊಡಲಿ.